ಅಣ್ಣನನ್ನು ಕೇಳದೆ ಮಾಡಿದ ಪಿಎಚ್‌ಡಿ

ಪಿಎಚ್‌ಡಿಗೆ ವಿಷಯ ಹುಡುಕಲು ನಾನು ಒದ್ದಾಡಲೇ ಇಲ್ಲ. ನಮ್ಮ ಟೋಂಗಾ ದೇಶದ ಹಾಪೈ ದ್ವೀಪಗಳ ಸೂಲಗಿತ್ತಿಯರು ಬಸುರಿಯ ಹೊಟ್ಟೆ ನೀವಿ, ಅಡ್ಡ ಮಲಗಿದ ಮಗುವನ್ನು ತಿರುಗಿಸುವ ಬಗೆ. ಅದನ್ನು ಬಲ್ಲ ಮುದುಕಿಯರು ನಾಲ್ಕೈದು ಜನ ಉಳಿದಿದ್ದರು, ಅಷ್ಟೇ. ಒದ್ದಾಟವೆಲ್ಲ ಮಾರ್ಗದರ್ಶಕರದು. ಇಡೀ ಟೋಂಗಾದಲ್ಲಿ ಈ ವಿಷಯಕ್ಕೆ ಮಾರ್ಗದರ್ಶನ ಮಾಡಬಲ್ಲ ಪ್ರೊಫೆಸರ್ ಒಬ್ಬನೇ, ಮೊದಲು ಹೆರಿಗೆ ಡಾಕ್ಟರಾಗಿದ್ದ ಸೆಮಿಸಿ. ಅವನೋ, ನನ್ನ ದೊಡ್ಡಪ್ಪನ ಮಗ!

ನಮ್ಮಲ್ಲಿ ದೊಡ್ಡಪ್ಪನ ಮಗನೆಂದರೆ ಒಡಹುಟ್ಟಿದ ಅಣ್ಣನೇ. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ಕೂಡ ನೋಡುವಂತಿಲ್ಲ. ಇನ್ನು ಅವನೆದುರು ಬಸಿರು, ಬಾಣಂತನ ಅಂತ ಬಾಯಿ ಬಿಡುವುದುಂಟೆ?

"ಬೇರೆ ಯಾರನ್ನಾದ್ರೂ ನೋಡ್ಕೋ," ಅಂದಳು ಅಮ್ಮ. "ನಾಳೆ ಚರ್ಚಲ್ಲಿ ನಾನು ತಲೆ ಎತ್ತಿ ಓಡಾಡ್ಬೇಕೋ ಬೇಡ್ವೋ?"

ಆಕ್ಲೆಂಡಿಗೆ ಹೋದೆ. ಅಲ್ಲಿ ಸಿಕ್ಕ ಮಾರ್ಗದರ್ಶಕಿ ಪಾಪ, ಒಳ್ಳೆಯವಳೇ. ಆದರೆ ಹಾಪೈ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. "ಹೊಟ್ಟೆ ನೀವೋದನ್ನೆಲ್ಲ ಅಳೆಯೋಕಾಗಲ್ಲ ಕಣಮ್ಮ. ಆಸ್ಪತ್ರೆ ಹೆರಿಗೆಗಳ ಅಂಕಿಅಂಶ ತಗೋ, ಬೇಗ ಮುಗಿಯುತ್ತೆ," ಅಂದಳು. ತಗೊಂಡೆ, ಮುಗಿಯಿತು, ನಾನೂ ಡಾಕ್ಟರ್ ಲೋಸೆಲಿ ಆದೆ. ಆ ಪ್ರಬಂಧವನ್ನು ಓದಲು ಹೋದರೆ ನನಗೇ ಆಕಳಿಕೆ ಬರುತ್ತದೆ.

ಊರಿಗೆ ಬಂದ ವಾರವೇ ಸೆಮಿಸಿಯ ಹೆಂಡತಿ ಲುಪೆ ಅತ್ತಿಗೆ ನಮ್ಮನೆಗೆ ಬಂದಳು. ಇಬ್ಬರೂ ಕೆಸುವಿನ ಗೆಡ್ಡೆಯ ಸಿಪ್ಪೆ ಹೆರೆಯುತ್ತ ಕೂತೆವು.

"ನಿಮ್ಮಣ್ಣ ನೀನು ಹೋದ ವರ್ಷ ಒಬ್ಬ ವಿದ್ಯಾರ್ಥಿನೂ ತಗೊಳ್ಲಿಲ್ಲ, ಗೊತ್ತಾ?" ಅಂದಳು. "ನಿನ್ನ ವಿಷಯ ನಿಮ್ಮಮ್ಮ ಊರ ಹೆಂಗಸರಿಗೆಲ್ಲ ಹೇಳಿದ್ಲಲ್ಲ, ಇವರ ಕಿವಿಗೂ ಬಿತ್ತು. ನಿಂಗೆ ಅಂತಲೇ ಜಾಗ ಇಟ್ಕೊಂಡಿದ್ರು. ನೀನು ಬರೆದದ್ದು ನನ್ನ ಕೈಗೆ ಕೊಡೋದು, ಅವರು ತಿದ್ದಿ ನನ್ನ ಕೈಲೇ ಕಳ್ಸೋದು. ಮುಖ ನೋಡೋ ಪ್ರಮೇಯಾನೇ ಇರ್ತಿರಲಿಲ್ಲ."

ಕೈಲಿದ್ದ ಚಾಕು ಅಲ್ಲೇ ನಿಂತಿತು. "ನೀವಾದ್ರೂ ಹೇಳ್ಬಾರ್ದಿತ್ತಾ ಅತ್ತಿಗೆ?"

"ಅವರು ನಂಗೆ ಹೇಳಿದ್ದೇ ನೀನು ವಿಮಾನ ಹತ್ತಿದ್ಮೇಲೆ. ಹೆರಿಗೆ ಮಾತನ್ನ ಅಣ್ಣ ಆದೋನು ತಾನಾಗಿ ಹೆಂಗೆ ಎತ್ತೋದು? ತಂಗಿ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ಕೇಳ್ತೀಯ ಅಂತ ಕಾದ್ರು ಕಣೆ."

ನಿಜ. ನಮ್ಮಲ್ಲಿ ಅಣ್ಣನಿಗಿಂತ ತಂಗಿಯ ಮಾತೇ ಮೇಲು. ಒಂದು ಮಾತು ಹೇಳಿಕಳಿಸಿದ್ದರೆ ಸಾಕಿತ್ತು. ನನ್ನ ಮೇಲೆ, ಅವನ ಮೇಲೆ, ನಮ್ಮಿಬ್ಬರ ಹಾಳು ಮರ್ಯಾದೆಯ ಮೇಲೆ ಸಿಟ್ಟು ಉಕ್ಕಿ ಬಂತು.

"ಈಗ ಕೇಳ್ತೀನಿ," ಅಂದೆ. "ನನ್ನ ಪರವಾಗಿ ನೀವೇ ಹೋಗಿ ಕೇಳಿ ಅತ್ತಿಗೆ. ಪದವಿಗಲ್ಲ, ಸುಮ್ನೆ ಇಬ್ರೂ ಸೇರಿ ಬರೆಯೋಣ."

ಅತ್ತಿಗೆ ಗೆಡ್ಡೆಯನ್ನು ನೀರಿಗೆ ಹಾಕಿದಳು.

"ಯಾರನ್ನ ನೋಡಿ ಬರೀತೀಯ, ಲೋಸೆಲಿ? ಆ ಮುದುಕಿಯರಲ್ಲಿ ಕೊನೆಯವಳೂ ಈಸ್ಟರ್ ವಾರದಲ್ಲಿ ಹೋದ್ಲು. ನಿಮ್ಮಣ್ಣನೇ ಹೋಗಿ ಮಣ್ಣು ಹಾಕಿ ಬಂದ್ರು."