ತೊರವಿ ಕೊಳವೆಯ ನೀರು

ಮದೀನಾಬಿಯ ಸಿಟ್ಟು ಓಣಿಗೆಲ್ಲ ಗೊತ್ತಿದ್ದದ್ದೇ. ಆದರೆ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಅವಳು ಮಲಿಕ್-ಎ-ಮೈದಾನ್ ಎಂಬ ಹಳೆಯ ಫಿರಂಗಿ ತೋಪಿನ ಮುಂದೆ, ಪರವೂರಿನ ಪ್ರವಾಸಿಗಳೆದುರು, ಗಂಡನ ಮಾನ ಕಳೆದದ್ದು ಸುಮ್ಮಸುಮ್ಮನೆ ಅಲ್ಲ. ಅವಳ ಜಾಗದಲ್ಲಿ ನೀವಿದ್ದರೂ ಅಷ್ಟೇ ಮಾಡುತ್ತಿದ್ದಿರಿ.

ಅವಳದು ನೂಲಿಗೆ ಬಣ್ಣ ಹಾಕುವ ಮನೆ. ವಿಜಾಪುರದ ಆ ಭಾಗದ ಬಾವಿನೀರು ಸವಳು. ಅದರಲ್ಲಿ ಜಾಲಿಸಿದರೆ ಕೆಂಪು ನೂಲು ಇಟ್ಟಂಗಿ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ನಳದ ನೀರು ಕುಡಿಯಲಿಕ್ಕೇ ಸಾಲದು. ಬಣ್ಣದ ಭಟ್ಟಿ ನಡೆಯುತ್ತಿದ್ದುದು ಹಿತ್ತಲ ಹೌದಿಗೆ, ಅಂದರೆ ಕಲ್ಲಿನ ತೊಟ್ಟಿಗೆ, ಬರುವ ಸಿಹಿನೀರಿನಿಂದ. ಬಾದಶಹರ ಕಾಲದವರು ತೊರವಿಯಿಂದ ನೆಲದೊಳಗೆ ಮಣ್ಣಿನ ಕೊಳವೆ ಹಾಸಿ, ಸುತ್ತ ಗಾರೆ ಕಟ್ಟಿ ತಂದ ನೀರದು. ಒತ್ತಡಕ್ಕೆ ಕೊಳವೆ ಸೀಳಬಾರದೆಂದು ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರ ನಿಲ್ಲಿಸಿದ್ದರು. ನೀರು ಗೋಪುರ ಹತ್ತಿ, ಕೆಸರು ಕೆಳಗೆ ಬಿಟ್ಟು, ರಭಸ ಕಳೆದುಕೊಂಡು ಮುಂದೆ ಹರಿಯುತ್ತಿತ್ತು. ಯಂತ್ರವಿಲ್ಲ, ಕರೆಂಟಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಗಂಡ ಸೈಫುದ್ದೀನ. ಊರು ನೋಡಲು ಬಂದವರಿಗೆ ತೋಪು ತೋರಿಸಿ ಕಥೆ ಹೇಳುವುದು ಅವನ ಕಸುಬು.

ಅವತ್ತು ಬೆಳಿಗ್ಗೆ ಬಬಲೇಶ್ವರದ ನೇಕಾರರ ನೂಲು ಬಣ್ಣದ ಹಂಡೆಯಲ್ಲಿತ್ತು. ತೆಗೆದು ಜಾಲಿಸಬೇಕು, ನೋಡಿದರೆ ಹೌದಿನ ತಳ ಕಾಣುತ್ತಿತ್ತು. ಹೊತ್ತು ಮೀರಿದರೆ ನೂಲು ಕೆಟ್ಟಂತೆ. ನೀರು ಬಾರದೇ ಹೋದರೆ ಭಟ್ಟಿಯನ್ನೇ ಮುಚ್ಚಬೇಕು. ಮದೀನಾಬಿ ಸೆರಗು ಬಿಗಿದು, ಗೋಪುರಗಳ ಗುರುತು ಹಿಡಿದು, ಟಿಕೋಟಾ ರಸ್ತೆಯ ಕಡೆಗೆ ಬಿರಬಿರನೆ ನಡೆದಳು.

ತೊರವಿಯ ಈಚೆ ಭಾಗಪ್ಪನ ಹೊಲದಲ್ಲಿ ಹೊಸ ಬಾವಿ ತೋಡುತ್ತಿದ್ದರು. ಬಾವಿಯ ಪಕ್ಕದ ಗೋಡೆಯಲ್ಲಿ ಹಾರೆ ತಾಗಿ ಬೋಗುಣಿಯಷ್ಟು ತೂತು ಬಿದ್ದಿತ್ತು. ಅದರಿಂದ ನೀರು ಧೋ ಎಂದು ಸುರಿಯುತ್ತಿತ್ತು. ನೀರು ಕಂಡದ್ದೇ ತಡ, ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಗಂಗವ್ವ ಬಂದಳೆಂದು ಕಾಯಿ ಒಡೆದು, ಅರಿಶಿನ ಕುಂಕುಮ ಏರಿಸಿ, ಉಡಿ ತುಂಬಿ ಮುಗಿಸಿದ್ದರು.

"ಭಾಗಪ್ಪಣ್ಣ, ಇದು ಸೆಲಿ ಅಲ್ಲರಿ. ಕೊಳವಿ ಒಡದೈತಿ. ಅಲ್ಲಿ ನನ್ನ ಹೌದ ಒಣಗೈತಿ."

"ಉಡಿ ತುಂಬೇವಿ ತಂಗಿ. ತಾನಾಗಿ ಬಂದ ಗಂಗವ್ವನ ಬಾಯಿಗೆ ಗಾರಿ ಮೆತ್ತು ಅಂತೀಯೇನು?"

"ತಾನಾಗಿ ಬಂದಿಲ್ಲ. ನಿಮ್ಮ ಹಾರಿ ತಾಗಿ ಬಂದಾಳ."

"ತಿಳದವ್ರು ಯಾರರ ಬಂದು ಹೇಳ್ಲಿ, ಆಮ್ಯಾಗ ನೋಡೂಣು," ಎಂದು ಭಾಗಪ್ಪ ಮುಖ ತಿರುಗಿಸಿದ.

ತಿಳಿದವನು ಬುರುಜಿನ ಮೇಲೆ ಕರಿ ಕೋಟು ಹಾಕಿಕೊಂಡು ನಿಂತಿದ್ದ. ತೋಪಿನ ಬಾಯಲ್ಲಿ ಎರಕದ ಸಿಂಹ ಆನೆಯನ್ನು ಅಗಿಯುವುದನ್ನು ತೋರಿಸುತ್ತ, ಇಂಥ ಬಿಸಿಲಲ್ಲೂ ಈ ಲೋಹ ತಣ್ಣಗಿರುತ್ತದೆ, ಮುಟ್ಟಿ ನೋಡಿ ಎನ್ನುತ್ತಿದ್ದ. ಹೊಲದಿಂದ ಓಡಿಬಂದ ಹೆಂಡತಿ ಏದುಸಿರು ಬಿಡುತ್ತ ಸುದ್ದಿ ಹೇಳಿದರೆ, "ಮಂದಿ ನಿಂತಾರ. ಆಮ್ಯಾಗ ಬರ್ತೀನಿ, ಹೋಗಲೇ," ಎಂದ.

ಅವಳ ಮೈ ಉರಿದುಹೋಯಿತು.

"ಈ ತೋಪು ಎಷ್ಟು ಮಂದಿನ್ನ ಕೊಂದೈತಿ ಅಂತ ಬಾಯಿತುಂಬ ಹೇಳ್ತೀರಿ. ಒಂದು ಕೊಡ ನೀರು ಕೊಟ್ಟೈತೇನ್ರಿ ಇದು? ನಿಮ್ಮ ಮನ್ಯಾಗ ಒಲಿ ಉರಿಯೂದು ಆ ಕೊಳವಿಯಿಂದ. ಅದು ಒಡದ್ರ ನಿಮಗ ಆಮ್ಯಾಗ."

ಪ್ರವಾಸಿಗಳು ತೋಪು ಬಿಟ್ಟು ಇವರನ್ನು ನೋಡತೊಡಗಿದರು. ಸೈಫುದ್ದೀನ ತಲೆ ತಗ್ಗಿಸಿ ಹೊರಟ. ಕೊಳವೆ ಎಂದರೇನೆಂಬ ಕುತೂಹಲಕ್ಕೆ ಅವರೂ ಬೆನ್ನಿಗೆ ಬಂದರು.

ಬಾವಿಯ ದಂಡೆಯಲ್ಲಿ ಅಷ್ಟು ಜನರನ್ನು ಕಂಡದ್ದೇ ಅವನ ತಗ್ಗಿದ ತಲೆ ಎದ್ದಿತು, ಗಂಟಲು ತೆರೆಯಿತು. ಗೋಪುರ ಯಾಕೆ, ಗಾರೆ ಯಾಕೆ, ಏರು ಎಲ್ಲಿ, ಇಳಿಜಾರು ಎಲ್ಲಿ, ಎಲ್ಲ ಬಿಡಿಸಿ ಹೇಳಿದ. ತೋಪಿಗೂ ಅಷ್ಟು ಚಂದ ಹೇಳಿರಲಿಲ್ಲ. ಜನ ಬೆರಗಾದರು. ಪ್ರವಾಸಿಯೊಬ್ಬ ಫೋಟೋ ತೆಗೆದ.

"ಅಂದ್ರ ಬಾದಶಹರ ಕಾಲದ ಗಂಗವ್ವ," ಎಂದು ಭಾಗಪ್ಪ ಹಿಗ್ಗಿ, ಇನ್ನೊಂದು ಕಾಯಿ ತರಲು ಆಳನ್ನು ಅಟ್ಟಿದ. ಸೈಫುದ್ದೀನ ಶಹಬ್ಬಾಸ್ ಅನ್ನಿಸಿಕೊಂಡು ನಗುತ್ತಿದ್ದ. ನೀರು ಮಾತ್ರ ಹಾಗೇ ಸುರಿಯುತ್ತಿತ್ತು.

ಮದೀನಾಬಿ ಸೆರಗು ಮತ್ತೆ ಬಿಗಿದಳು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಮಣ್ಣಿನಲ್ಲಿ ಕಾಲಿಟ್ಟು ಬಾವಿಗೆ ಇಳಿದಳು. ಹೋಗಿ ತೂತಿಗೆ ಬೆನ್ನು ಕೊಟ್ಟು ನಿಂತಳು. ನೀರು ಅವಳನ್ನು ದೂಡಿತು. ಅವಳು ಹಿಮ್ಮಡಿ ಕೆಸರಿಗೆ ಊರಿ ಒತ್ತಿದಳು. ಸದ್ದು ನಿಂತಿತು.

"ಮ್ಯಾಲ ಬಾ ತಂಗಿ," ಎಂದ ಭಾಗಪ್ಪ. ಹೆಣ್ಣುಮಗಳನ್ನು ಕೈಹಿಡಿದು ಎಳೆಯುವಂತಿರಲಿಲ್ಲ, ಅಷ್ಟು ಮಂದಿಯ ಮುಂದೆ ಬೈಯುವಂತೆಯೂ ಇರಲಿಲ್ಲ.

"ಗಾರಿ ಕಲಸೂತನಕ ಬರಂಗಿಲ್ಲ."

ಮೇಲೆ ಸೈಫುದ್ದೀನ ಪ್ರವಾಸಿಗಳ ಕಡೆ ತಿರುಗಿ, "ಈಕಿ ನಮ್ಮ ಮನಿಯಾಕಿ, ನೋಡ್ರಿ..." ಎಂದು ಶುರುಮಾಡಿದ.

"ಬಾಯಿ ಮುಚ್ಚಿಕೊಂಡು ಕೆಳಗ ಇಳೀರಿ," ಎಂದಳು ಮದೀನಾಬಿ. ಅಷ್ಟು ಸಿಟ್ಟಿನಲ್ಲೂ 'ರಿ' ಬಿಟ್ಟಿರಲಿಲ್ಲ. ಅದಕ್ಕೇ ಅದು ಅವನಿಗೆ ಹೆಚ್ಚು ನಾಟಿತು.

ಅವನು ಇಳಿದ. ಕೋಟಿನ ಸಮೇತ ಮೊಣಕಾಲುದ್ದದ ಕೆಸರಿನಲ್ಲಿ ಬಂದು, ಅವಳು ಸರಿಯುತ್ತಿದ್ದಂತೆ ಎರಡೂ ಅಂಗೈ ತೂತಿಗೆ ಒತ್ತಿದ. ನೀರು ಬೆರಳ ಸಂದಿಯಿಂದ ಚಿಮ್ಮಿ ಮುಖಕ್ಕೆ ರಾಚಿತು. ಭಾಗಪ್ಪ ಗಾರೆ ಕಲಸಿರೆಂದು ಆಳುಗಳಿಗೆ ಹೇಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಬಾವಿ ಕಟ್ಟಲು ತಂದಿಟ್ಟಿದ್ದ ಸುಣ್ಣದ ಬುಟ್ಟಿಯ ಮುಂದಿನಿಂದ ಸರಿದು ನಿಂತ.

"ಇಷ್ಟು ಜೋರ ಇರತೈತಿ ಅಂತ ಗೊತ್ತಿರಲಿಲ್ಲ," ಎಂದ ಸೈಫುದ್ದೀನ, ಸಣ್ಣ ದನಿಯಲ್ಲಿ.

ಇಪ್ಪತ್ತು ವರ್ಷದಿಂದ ಅದರ ಕಥೆ ಹೇಳಿಕೊಂಡು ಬಂದವನು. ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ಕೈ ತೆಗೀಬ್ಯಾಡ್ರಿ," ಎಂದು ಹೇಳಿ, ಗಾರೆ ಕಲಸಲು ಮೇಲೆ ಹತ್ತಿದಳು.