ಆಚೆ ದಂಡೆ

ವಾಸುದೇವ ಮಾಸ್ತರರು ಚಿತ್ರದ ಮೇಲಿನ ಪಂಚೆ ಸರಿಸಿದ ಕೂಡಲೇ ರಾಜಬಿ ಹತ್ತಿರ ಬಂದು ಕೂತಳು. ಬೂದಿ ಬಣ್ಣದ ನೀರು, ಬೂದಿ ಬಣ್ಣದ ಮುಗಿಲು, ನಡುವೆ ಒಂದು ಹಡಗು. ದೂರದ ಮಂಜಿನಲ್ಲಿ ಇನ್ನೊಂದು, ಅರ್ಧ ಅಳಿಸಿ ಬಿಟ್ಟಂತೆ. ಸಿಂದಗಿಯ ಶಾಲೆಯಲ್ಲಿ ಮಾವಿನಹಣ್ಣು, ಗಿಳಿ ಬರೆಯಲು ಕಲಿಸುತ್ತಲೇ ತಲೆ ನರೆತ ಮಾಸ್ತರರು ಸಮುದ್ರ ಕಂಡವರಲ್ಲ. ಹಜ್ ಮುಗಿಸಿ ಬಂದ ಮೀರಾಸಾಬನನ್ನು ಕೇಳಿ ಕೇಳಿ, ನೀಲಿ ಡಬ್ಬಿ ಮುಟ್ಟದೆ, ಸುಣ್ಣಕ್ಕೆ ಕಾಡಿಗೆ ಕಲಸಿ ಎಂಟು ದಿನ ಒದ್ದಾಡಿದ್ದರು.

ಮೀರಾಸಾಬನ ಜೊತೆ ಮುಂಬೈಯಲ್ಲಿ ಹಡಗು ಹತ್ತಿದ್ದ ರಾಜಬಿಯ ಗಂಡ ಯಾಕೂಬಸಾಬ ಹೋಗುವ ಹಾದಿಯಲ್ಲೇ ಜ್ವರದಿಂದ ತೀರಿಕೊಂಡಿದ್ದ. ನಮಾಜು ಮಾಡಿ ನೀರಿಗೆ ಬಿಟ್ಟಿದ್ದರು. ವಿಧವೆ ಹೊಸ್ತಿಲು ದಾಟದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುದಿನವೇ ಅವಳು ಮಾಸ್ತರರ ಬಾಗಿಲಿಗೆ ಬಂದಿದ್ದಳು. "ಎಲ್ಲಾರ ಗಂಡಂದಿರಿಗೂ ಗೋರಿ ಅದಾವ್ರಿ. ಗುರುವಾರ ನಾ ಎಲ್ಲಿ ಹೂ ಇಡ್ಲಿ? ಅವರಿರೋ ಜಾಗಾನರೆ ಬರದ ಕೊಡ್ರಿ" ಎಂದಿದ್ದಳು.

ಈಗ ಅವಳ ಬೆರಳು ನೀರು ಮುಗಿಯುವಲ್ಲಿ ನಿಂತಿತು.

"ಇದೇನ್ರಿ ಮಾಸ್ತರ್ರ?"

"ಆಚಿ ದಂಡಿ, ರಾಜಬಿ."

ಮಾಸ್ತರರು ಕಂಡ ದೊಡ್ಡ ನೀರೆಂದರೆ ಭೀಮೆಯ ಮಹಾಪೂರ. ಅದಕ್ಕೆ ಆಚೆ ದಂಡೆಯಿತ್ತು, ದಂಡೆಯ ಮೇಲೆ ಜಾಲಿಗಿಡಗಳಿದ್ದವು. ಚಿತ್ರದಲ್ಲೂ ಅವನ್ನೇ ಬರೆದಿದ್ದರು.

ರಾಜಬಿಯ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಮೀರಾಸಾಬನ ಕಡೆ ತಿರುಗಿದಳು.

"ದಂಡಿ ಇಷ್ಟ ಸಮೀಪ ಇತ್ತೇನಣ್ಣಾ? ಒಂದ ತಾಸು ತಡೀಲಿಲ್ಲಾ? ಅವರಿಗೆ ಆರಡಿ ನೆಲ ಸಿಗ್ತಿರಲಿಲ್ಲಾ?"

"ಅಲ್ಲಾನ ಆಣಿ ತಂಗಿ, ದಂಡಿ ಇರಲಿಲ್ಲ. ನಾಕ ದಿನ ಹೋದ್ರೂ ಬರೇ ನೀರು."

"ಮತ್ತ ಮಾಸ್ತರು ಸುಳ್ಳ ಬರದಾರೇನು?"

ಮೀರಾಸಾಬ ಸತ್ತ ಗೆಳೆಯನ ಮೈ ತೊಳೆದ ತನ್ನ ಕೈಗಳನ್ನೇ ನೋಡಿಕೊಂಡ. ಮಾಸ್ತರರು ನಾಚಿ ತಲೆ ತಗ್ಗಿಸಿದರು.

"ತಪ್ಪು ನಂದವ್ವಾ. ನಾ ಹೊಳಿ ಕಂಡಾಂವ. ನೀರಿದ್ದಲ್ಲಿ ದಂಡಿ ಇರ್ತದ ಅಂತ ಬರದಬಿಟ್ಟೆ."

ರಾಜಬಿ ಚಿತ್ರದ ಕಡೆ ತಿರುಗಿ, "ಅಳಸ್ರಿ ಹಂಗಾರ" ಎಂದಳು.

ಮಾಸ್ತರರು ಬೂದಿ ಬಣ್ಣ ಕಲಸಿ ಒಂದೊಂದೇ ಜಾಲಿಯ ಮೇಲೆ ಎಳೆದರು. ಅವಳು ರೆಪ್ಪೆ ಬಡಿಯದೆ ನೋಡಿದಳು. ಕೊನೆಯ ಗಿಡವೂ ಮುಚ್ಚಿಹೋಯಿತು. ಎಲ್ಲಿ ನೀರು ಮುಗಿದು ಮುಗಿಲು ಶುರುವಾಯಿತೆಂದು ಈಗ ಹೇಳುವಂತಿರಲಿಲ್ಲ.

ಅವಳು ಸೆರಗಿನ ಗಂಟು ಬಿಚ್ಚಿ ಮಲ್ಲಿಗೆ ತೆಗೆದಳು. ಬಣ್ಣ ಇನ್ನೂ ಹಸಿಯಿತ್ತು. ಹೂ ಹಿಡಿದ ಕೈ ಚಿತ್ರದ ಈ ಅಂಚಿನಿಂದ ಆ ಅಂಚಿನವರೆಗೆ ಹೋಗಿ, ಎಲ್ಲೂ ಇಳಿಯದೆ, ಮತ್ತೆ ಅವಳ ಮಡಿಲಿಗೇ ಬಂತು.