ಏಣಿಯಣ್ಣನ ತಟ್ಟೆಗೆ ಹೊಸ ಅಳತೆ

ಪ್ಯಾಂಟಿನ ಸೊಂಟ ಬಿಗಿಯಾಗುವ ತಾಪತ್ರಯ ಯಾರ ಮನೆಯಲ್ಲಿಲ್ಲ? ಒಗೆದು ಒಗೆದು ಬಟ್ಟೆ ಕುಗ್ಗಿತು ಎನ್ನುವವರು ಕೆಲವರು, ದರ್ಜಿಯನ್ನು ಬೈಯುವವರು ಕೆಲವರು. ಆದರೆ ಈ ಮನೆಯಲ್ಲಿ ಅಂಥ ಮಾತೇ ಬಂದಿರಲಿಲ್ಲ. ಏಕೆಂದರೆ ಮನೆಯಾಕೆಯೇ ದರ್ಜಿ.

ಬೀದಿ ಕಡೆಯ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಯಂತ್ರ. ಅಲ್ಲಿ ಕುಳಿತರೆ ಬೀದಿಯ ಕೊನೆಯ ಅಗ್ನಿಶಾಮಕ ಠಾಣೆ ಕಾಣುತ್ತದೆ. ಅವಳ ಗಂಡನಿಗೆ ಅಲ್ಲಿ ಕೆಲಸ. ಬೆಂಕಿ ಬಿದ್ದ ಕಡೆ ಮೊದಲು ಏಣಿ ಹತ್ತುವವನು ಅವನೇ, ಆದ್ದರಿಂದ ಠಾಣೆಯವರಿಗೂ ಬೀದಿಯವರಿಗೂ ಅವನು ಏಣಿಯಣ್ಣ. ಒಮ್ಮೆ ಮೂರನೇ ಮಹಡಿಯಿಂದ ಒಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದ. ಆ ಮಾತು ಬಂದಾಗಲೆಲ್ಲ ಇವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುವಂತೆ ನಟಿಸುತ್ತಿದ್ದಳು. ಹೆಮ್ಮೆ ಮುಖದಲ್ಲಿ ಕಂಡರೆ ದೃಷ್ಟಿಯಾದೀತು ಎಂಬ ಅಂಜಿಕೆ.

ಠಾಣೆಯಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತದೆ. ನೀರಿನ ಪೈಪಿನ ಸುರುಳಿಯನ್ನು ಹೆಗಲಿಗೇರಿಸಿ, ಅಂಗಳದ ನಾಲ್ಕು ಅಂತಸ್ತಿನ ಗೋಪುರಕ್ಕೆ ಏಣಿಯಲ್ಲಿ ಹತ್ತಬೇಕು. ಗಂಟೆ ಹೊಡೆದು ಎರಡು ನಿಮಿಷದೊಳಗೆ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಏಣಿ ಇನ್ನೊಬ್ಬರ ಪಾಲು, ಅವನಿಗೆ ಠಾಣೆಯೊಳಗೆ ಕೂತು ಫೋನು ಎತ್ತುವ ಮೇಜು. ಹೋದ ವರ್ಷ ಕೊನೆಯ ಗಳಿಗೆಯಲ್ಲಿ ಹೇಗೋ ಮುಟ್ಟಿ, ಮೇಲೆಯೇ ಕುಕ್ಕರಿಸಿ ಬಹಳ ಹೊತ್ತು ಏದುಸಿರು ಬಿಟ್ಟಿದ್ದ. ಮನೆಗೆ ಬಂದು ಮೇಲೆ ಗಾಳಿ ಜೋರಿತ್ತು ಅಂದ. ಅವಳು ಬೇಲಿಯಾಚೆ ನಿಂತು ನೋಡಿದ್ದಳು. ಒಂದು ಎಲೆಯೂ ಅಲುಗಿರಲಿಲ್ಲ.

ಈ ವರ್ಷದ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ಅಂಗಿ ಒಗೆಯುವಾಗ ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು. ಠಾಣೆಗೆ ಬಂದ ವೈದ್ಯರು ಬರೆದದ್ದು. ತೂಕ ಇಳಿಯಬೇಕು, ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆ, ಹೀಗೇ ಆದರೆ ಏಣಿ ಕೆಲಸ ಕಷ್ಟ. ಅವಳು ಚೀಟಿಯನ್ನು ಒಣಗಿಸಿ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಕೆಳಗೆ ಇಟ್ಟಳು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಊಟಕ್ಕೆ ಕುಳಿತಾಗ ಮಾತ್ರ ಅವಳ ಕಣ್ಣು ಅವನ ತಟ್ಟೆಯ ಮೇಲೆ. ಬಡಿಸುವುದು ಅತ್ತೆಯ ಕೆಲಸ, ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಮೊದಲು ಒಂದು ಗುಡ್ಡ ಅನ್ನ. ಆಮೇಲೆ "ಸ್ವಲ್ಪ". ಆಮೇಲೆ "ಇಷ್ಟೇ ಇಷ್ಟು". ಅತ್ತೆಯ ಇಷ್ಟೇ ಇಷ್ಟು ಎಂದರೆ ಸೌಟಿನ ತುಂಬ. ತರಕಾರಿ ತಟ್ಟೆಯ ಅಂಚಿನಲ್ಲಿ ಬೊಟ್ಟಿನಷ್ಟು. ಉಂಡು ಎದ್ದವನು ಗೋಡೆಗೆ ಒರಗಿದರೆ ಅಲ್ಲೇ ತೂಕಡಿಕೆ.

ಆ ವಾರ ಆರೋಗ್ಯ ಕೇಂದ್ರದ ಸಿಸ್ಟರ್ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅಳತೆ ತೆಗೆಯುತ್ತಾ ಇವಳು ಯಾರದೋ ಮನೆಯ ಸಂಗತಿ ಎಂಬಂತೆ ಕೇಳಿದಳು, ಅನ್ನ ಪೂರ್ತಿ ಬಿಟ್ಟುಬಿಟ್ಟರೆ ಹೇಗೆ ಅಂತ. ಸಿಸ್ಟರಿಗೆ ಯಾರ ಮನೆ ಎಂದು ತಿಳಿಯದೆ ಇರಲಿಲ್ಲ.

"ಅನ್ನ ಏನು ತಪ್ಪು ಮಾಡಿದೆ ಅಕ್ಕಾ, ಅದನ್ನ ಮನೆಯಿಂದ ಆಚೆ ಹಾಕೋಕೆ?" ಅಂದರು. "ತಟ್ಟೆ ತುಂಬ ಅದೇ ಕೂತ್ಕೊಂಡು ಬೇರೆಯವರಿಗೆ ಜಾಗ ಬಿಡ್ತಿಲ್ಲ. ಸ್ವಲ್ಪ ಸರಿದು ಕೂತ್ಕೋ ಅಂದ್ರೆ ಸಾಕು."

ಸರಿಸುವುದು ಹೇಗೆ ಎಂದೂ ಹೇಳಿಕೊಟ್ಟರು. ಹೂಕೋಸನ್ನು ತುರಿದು, ನೀರು ಹಾಕದೆ ಬಾಣಲೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿದರೆ ಅನ್ನದ ಹಾಗೆಯೇ ಉದುರುದುರಾಗುತ್ತದೆ. ಒಂದು ಸೌಟು ಅನ್ನದ ಬದಲು ಒಂದು ಸೌಟು ಹೂಕೋಸು ಹಾಕಿದರೆ ತಟ್ಟೆಗೆ ತಟ್ಟೆಯೂ ತುಂಬುತ್ತದೆ, ಮೈಗೆ ಸೇರುವ ಕ್ಯಾಲೊರಿ ಅನ್ನದ ಕಾಲು ಭಾಗವೂ ಇರುವುದಿಲ್ಲ. ಸಣ್ಣಗೆ ಹೆಚ್ಚಿದ ಎಲೆಕೋಸಿಗೂ ಅದೇ ಗುಣ. ಇನ್ನೊಂದು ದಿನ ಗೋಧಿ ನುಚ್ಚು, ಮತ್ತೊಂದು ದಿನ ನವಣೆ. ಇವುಗಳಲ್ಲಿ ನಾರು ಹೆಚ್ಚು, ನಿಧಾನವಾಗಿ ಜೀರ್ಣವಾಗುತ್ತವೆ, ಸ್ವಲ್ಪದರಲ್ಲೇ ಹೊಟ್ಟೆ ತುಂಬುತ್ತದೆ. ಜೊತೆಗೆ ಬೇಳೆ ಕಾಳು ಇರಲೇಬೇಕು ಎಂದರು.

ಇಲ್ಲಿಯೇ ಅವಳು ಎಡವಿದ್ದು. ಯಾರಿಗೂ ನೋವಾಗದಂತೆ, ಗೊತ್ತಾಗದಂತೆ ಕೆಲಸ ಮುಗಿಸುವುದು ಅವಳ ಸ್ವಭಾವ. ಮರುದಿನವೇ ಅನ್ನದ ಪಾತ್ರೆಯಲ್ಲಿ ಕಾಲು ಭಾಗ ಹೂಕೋಸು ಬೆರೆಸಿದಳು. ಯಾರಿಗೂ ತಿಳಿಯಲಿಲ್ಲ. ಎರಡನೇ ದಿನ ಅರ್ಧ. ಅತ್ತೆ ಒಮ್ಮೆ ಮೂಗೆಳೆದು ಸುಮ್ಮನಾದರು. ಮೂರನೇ ದಿನ ಧೈರ್ಯ ಹೆಚ್ಚಾಗಿ, ಮುಕ್ಕಾಲು ಪಾತ್ರೆ ಹೂಕೋಸು ಮಾಡಿಬಿಟ್ಟಳು.

ಅವನು ಮೊದಲ ತುತ್ತು ಬಾಯಿಗಿಟ್ಟು ನಿಲ್ಲಿಸಿದ. ಅತ್ತೆ ಸೌಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಅಕ್ಕಿಗೇನು ಬಂತು ರೋಗ?" ಅಂದರು ಅತ್ತೆ. "ಹೊಟ್ಟೆ ತುಂಬ ಅನ್ನ ಹಾಕಿ ಸಾಕಿದ ಮಗ. ಅವನಿಗೆ ಮೋಸದ ಊಟ ಹಾಕ್ತೀಯಾ?"

ಅವನು ಕೂಗಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. "ನನ್ನ ತಟ್ಟೇಲಿ ಏನಿದೆ ಅಂತ ನನಗೆ ಹೇಳಬೇಕಿತ್ತು ಕಣೇ. ಅಷ್ಟಕ್ಕೂ ನನಗೇನಾಗಿದೆ? ಪರೀಕ್ಷೆಗೆ ಹಾಕೋ ಪ್ಯಾಂಟು ಆರು ವರ್ಷದಿಂದ ಅದೇ. ಒಂದು ದಿನಾನೂ ಬಿಗಿ ಆಗಿಲ್ಲ. ದಪ್ಪ ಆಗಿದ್ರೆ ಸೊಂಟಕ್ಕೆ ಏರ್ತಿತ್ತಾ ಅದು?"

ಅವಳು ಇನ್ನು ಸುಮ್ಮನಿರುವಂತಿರಲಿಲ್ಲ. ಏಕೆಂದರೆ ಆ ಪ್ಯಾಂಟಿನ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ.

ಕೈ ಒರೆಸಿಕೊಂಡು ಎದ್ದಳು. ಪೆಟ್ಟಿಗೆಯಿಂದ ದಪ್ಪ ನೀಲಿ ಬಟ್ಟೆಯ ಆ ಪ್ಯಾಂಟನ್ನು ತಂದು, ಒಳಮೈ ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹೊಲಿಗೆ ಮೇಜಿನ ಮೇಲೆ ಹರಡಿದಳು. ಅವನನ್ನು ಹತ್ತಿರ ಕರೆದಳು. ಸೊಂಟದ ಹಿಂಬದಿಯಲ್ಲಿ, ಹೊಲಿಗೆಯ ಒಳಗೆ, ಬಿಚ್ಚಿದ ದಾರದ ಗುರುತುಗಳು ಸಾಲಾಗಿ ಇದ್ದವು. ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತು, ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ.

"ಇದು ಮೊದಲನೇ ವರ್ಷದ ಹೊಲಿಗೆ," ಅಂದಳು. "ಆಮೇಲೆ ಇದು. ಆಮೇಲೆ ಇದು. ಪ್ರತಿ ಸಲ ಪರೀಕ್ಷೆಗೆ ಮುಂಚೆ ಇಸ್ತ್ರಿ ಮಾಡೋಕೆ ತಗೊಂಡು ಅರ್ಧ ಇಂಚು ಬಿಡ್ತಾ ಬಂದೆ ರೀ. ನೀವು ಹಾಕ್ಕೊಂಡು ಕನ್ನಡಿ ಮುಂದೆ ನಿಂತು ನಗ್ತಿದ್ರಿ. ನನಗೆ ಅಷ್ಟು ಸಾಕಿತ್ತು. ಈಗ ಒಳಗೆ ಬಿಡೋಕೆ ಬಟ್ಟೆ ಇಲ್ಲ."

ಅವನು ಗೆರೆಗಳ ಮೇಲೆ ಬೆರಳಾಡಿಸಿ ಎಣಿಸಿದ. ಆರು. ಅವಳು ಡ್ರಾಯರ್ ಎಳೆದು ಗುಂಡಿಗಳ ಕೆಳಗಿನ ಚೀಟಿಯನ್ನೂ ತೆಗೆದು ಪಕ್ಕದಲ್ಲಿಟ್ಟಳು. ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟದ್ದು ಒಂದೇ ಮೇಜಿನ ಮೇಲೆ ಬಿದ್ದಿತ್ತು.

ಅತ್ತೆ ಚೀಟಿಯನ್ನು ಓದಿಸಿಕೊಂಡರು. ಸೌಟು ಇನ್ನೂ ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಪಾತ್ರೆಯೊಳಗೆ ಇಟ್ಟರು.

"ನಾನು ಬಡಿಸಿದೆ, ನೀನು ಹೊಲಿಗೆ ಬಿಚ್ಚಿದೆ," ಅಂದರು ಕೊನೆಗೆ ಸೊಸೆಗೆ. "ಇಬ್ಬರೂ ಸೇರಿ ಅವನನ್ನ ಫೋನಿನ ಮುಂದೆ ಕೂರಿಸ್ತಿದ್ವಿ. ಕರಿ ಆ ಸಿಸ್ಟರ್‌ನ. ಈ ಸಲ ನನಗೂ ಹೇಳಿಕೊಡಲಿ. ಕದ್ದುಮುಚ್ಚಿ ಏನೂ ಬೇಡ."

ಸಿಸ್ಟರ್ ಭಾನುವಾರ ಬಂದರು. ಅಷ್ಟರಲ್ಲಿ ಏಣಿಯಣ್ಣ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದ. ಗೋಧಿ ನುಚ್ಚು ಹಗುರ ಎಂದು ಕೇಳಿ ಮೂರು ತಟ್ಟೆ ಬಾರಿಸಿದ್ದ. ಅದನ್ನು ಅತ್ತೆಯೇ ಚಾಡಿ ಹೇಳಿದರು.

"ನುಚ್ಚೂ ಧಾನ್ಯವೇ ಏಣಿಯಣ್ಣ," ಎಂದು ಸಿಸ್ಟರ್ ನಕ್ಕರು. "ಗುಡ್ಡ ಹಾಕ್ಕೊಂಡ್ರೆ ಅದೂ ಅನ್ನದಷ್ಟೇ ಭಾರ. ಧಾನ್ಯ ಬದಲಾಯಿಸಿದ್ರೆ ಅರ್ಧ ಕೆಲಸ ಆಯ್ತು. ಅಳತೆ ಬದಲಾಯಿಸಿದ್ರೆ ಪೂರ್ತಿ ಕೆಲಸ."

ಅಳತೆ ಎಂದ ಕೂಡಲೇ ದರ್ಜಿಯ ಕಿವಿ ನೆಟ್ಟಗಾಯಿತು. ಮೇಜಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದಳು. ಸಿಸ್ಟರ್ ಹೇಳಿದ ಹಾಗೆ ಖಾಲಿ ತಟ್ಟೆಯ ನಡುವೆ ಒಂದು ಗೆರೆ ಎಳೆದಳು. ಒಂದು ಅರ್ಧ ಪೂರ್ತಿ ತರಕಾರಿಗೆ, ಸೊಪ್ಪಿಗೆ. ಇನ್ನೊಂದು ಅರ್ಧವನ್ನು ಮತ್ತೆ ಎರಡು ಮಾಡಿದಳು. ಒಂದು ಪಾಲು ಬೇಳೆ, ಕಾಳು ಅಥವಾ ಮೊಟ್ಟೆಗೆ. ಉಳಿದ ಕಾಲು ಭಾಗ ಅನ್ನಕ್ಕೆ, ಇಲ್ಲವೇ ನುಚ್ಚಿಗೆ, ನವಣೆಗೆ. ಹೂಕೋಸಿನ ತುರಿ ತರಕಾರಿಯ ಲೆಕ್ಕವಾದ್ದರಿಂದ ಅದನ್ನು ಅನ್ನಕ್ಕೆ ಬೆರೆಸಿ ರಾಶಿ ದೊಡ್ಡದು ಮಾಡಿಕೊಳ್ಳಲು ಅಡ್ಡಿಯಿಲ್ಲ.

ಅತ್ತೆ ಕಾಲು ಭಾಗವನ್ನು ದಿಟ್ಟಿಸಿದರು. "ಇದೇನಮ್ಮ, ನನ್ನ ಮಗನ ಅನ್ನಕ್ಕೆ ಇಷ್ಟು ಗಿಡ್ಡ ತೋಳು ಹೊಲಿದೆ?" ಅಂದಾಗ ಎಲ್ಲರಿಗೂ ನಗು ಬಂತು. ಗೆರೆ ಒರೆಸಿ, ತಟ್ಟೆ ತೊಳೆದು, ಅವರೇ ಮೊದಲು ಅದರಂತೆ ಬಡಿಸಿದರು.

ಮೊದಲ ಹದಿನೈದು ದಿನ ಸುಲಭವಾಗಿರಲಿಲ್ಲ. ಸಂಜೆಯಾಗುತ್ತಲೇ ಅವನಿಗೆ ಏನೋ ಕಳೆದುಕೊಂಡಂತೆ. ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಸುಳಿದಾಡುತ್ತಿದ್ದ. ಅತ್ತೆ ಬೇಯಿಸಿದ ಕಾಳನ್ನೋ ಸೌತೆಕಾಯಿಯನ್ನೋ ಕೈಗಿಟ್ಟು ಕಳಿಸುತ್ತಿದ್ದರು. ಕಾಲು ಭಾಗಕ್ಕೆ ಅವನು ಒಂದೇ ಸಲ ಒಗ್ಗದ್ದರಿಂದ, ವಾರಕ್ಕೆ ಅರ್ಧ ಸೌಟಿನಂತೆ ಅನ್ನ ಕಡಿಮೆ ಮಾಡಿದರು. ನವಣೆಯನ್ನು ನೆನೆಸಿ ಬೇಯಿಸಿದರೆ ಮೃದುವಾಗುತ್ತದೆ ಎಂದು ಅತ್ತೆಯೇ ಕಂಡುಹಿಡಿದರು. ಮಾರನೇ ದಿನ ಬೀದಿಗೆಲ್ಲ ಅದನ್ನು ಬೇರೆ ಯಾರಿಗೂ ತಿಳಿಯದ ವಿದ್ಯೆ ಎಂಬಂತೆ ಹೇಳಿಕೊಂಡು ಬಂದರು. ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಉಂಡವನು ಗೋಡೆಗೆ ಒರಗದೆ ಚಪ್ಪಲಿ ಮೆಟ್ಟಿ ಠಾಣೆಯ ಅಂಗಳಕ್ಕೆ ನಡೆದ. ಅವಳು ಕಿಟಕಿಯಿಂದ ನೋಡಿದಳು. ಅಭ್ಯಾಸಕ್ಕೆ ಗೋಪುರ ಹತ್ತುತ್ತಿದ್ದ. ಅಂದು ಅವಳ ಹೊಲಿಗೆ ಎರಡು ಕಡೆ ಸೊಟ್ಟಗಾಯಿತು.

ಪರೀಕ್ಷೆಗೆ ಮುನ್ನ ಪ್ಯಾಂಟು ಇಸ್ತ್ರಿ ಮಾಡುವಾಗ ಅವಳು ಒಂದು ದಾರವನ್ನೂ ಮುಟ್ಟಲಿಲ್ಲ. ಅವನೇ ಹಾಗೆ ಕೇಳಿಕೊಂಡಿದ್ದ. ಇದ್ದ ಹಾಗೆ ಹಾಕಿಕೊಂಡು ಹೋಗಿ ನೋಡುತ್ತೇನೆ ಅಂದಿದ್ದ.

ಬೇಲಿಯ ಪಕ್ಕ ಅತ್ತೆ, ಸೊಸೆ ಇಬ್ಬರೂ ನಿಂತರು. ಸಿಸ್ಟರ್ ಕೂಡ ಬಂದರು. ಗಂಟೆ ಹೊಡೆಯಿತು. ಏಣಿಯಣ್ಣ ಸುರುಳಿ ಹೆಗಲಿಗೇರಿಸಿ ಹತ್ತತೊಡಗಿದ. ಒಂದನೇ ಅಂತಸ್ತು, ಎರಡನೇದು. ಹೋದ ವರ್ಷ ಅವನ ಕಾಲು ತಡವರಿಸಿದ್ದು ಮೂರನೇ ಅಂತಸ್ತಿನಲ್ಲಿ. ಅವಳು ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿದಳು. ಕಾಲು ತಡವರಿಸಲಿಲ್ಲ. ಅಧಿಕಾರಿ ಕೈಗಡಿಯಾರ ನೋಡಿ ಸಮಯ ಕೂಗಿ ಹೇಳಿದಾಗ ಇನ್ನೂ ಹದಿನೆಂಟು ಸೆಕೆಂಡು ಬಾಕಿ ಉಳಿದಿತ್ತು.

ತುದಿಯಲ್ಲಿ ಅವನು ಕುಕ್ಕರಿಸಲಿಲ್ಲ. ನೆಟ್ಟಗೆ ನಿಂತು ಒಂದು ಕೈ ಎತ್ತಿ ಬೀಸಿದ. ಇನ್ನೊಂದು ಕೈಯಿಂದ ಜಾರುತ್ತಿದ್ದ ಪ್ಯಾಂಟಿನ ಸೊಂಟ ಹಿಡಿದುಕೊಂಡಿದ್ದ. ಬೀದಿಯೆಲ್ಲ ನಕ್ಕಿತು. ಅವಳೂ ನಕ್ಕಳು, ಕಣ್ಣಲ್ಲಿ ನೀರಿತ್ತು. ಅಂದು ತಲೆ ತಗ್ಗಿಸಲಿಲ್ಲ. ಯಾರು ಬೇಕಾದರೂ ಅವಳ ಮುಖ ನೋಡಬಹುದಿತ್ತು.

"ನನ್ನ ಮಗ," ಎಂದರು ಅತ್ತೆ ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೆ. "ಬಡಿಸೋದು ನಾನೇ."

ಮನೆಗೆ ಬಂದವನು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ತಾನೇ ಮೇಜಿನ ಮೇಲೆ ಹರಡಿದ. ಸೀಮೆಸುಣ್ಣ ತೆಗೆದುಕೊಂಡು ಹಳೆಯ ಗೆರೆಗಳಲ್ಲಿ ಮೂರನೆಯದರ ಮೇಲೆ ಗುರುತು ಹಾಕಿದ.

"ಈಗ ಇಲ್ಲಿಗೆ ಹಿಡಿ," ಅಂದ. "ಮೊದಲನೇ ಗೆರೆಗೆ ಇನ್ನೂ ದೂರ ಇದೆ, ನಿಧಾನವಾಗಿ ಹೋಗೋಣ. ಆದರೆ ಇನ್ಮೇಲೆ ಒಂದು ದಾರ ಬಿಚ್ಚಿದ್ರೂ ನನಗೆ ಹೇಳೇ ಬಿಚ್ಚು."

ಅವಳು ಸೂಜಿಗೆ ದಾರ ಪೋಣಿಸಿದಳು. ಈ ಸಲ ನಟನೆಗಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಪ್ರೀತಿಯಿಂದ ಗುಡ್ಡ ಬಡಿಸುವ ಕೈಯೊಂದು ಇರುತ್ತದೆ. ಆ ಕೈಯನ್ನು ಬೈಯಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ನಾಳೆಯ ಊಟದಲ್ಲಿ ಅನ್ನವನ್ನು ಅರ್ಧ ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಹೂಕೋಸನ್ನೋ ಎಲೆಕೋಸನ್ನೋ ಒಂದು ಹಿಡಿ ಕಾಳನ್ನೋ ತನ್ನಿ. ವಾರದಲ್ಲಿ ಎರಡು ದಿನ ಅನ್ನದ ಬದಲು ನುಚ್ಚು, ನವಣೆ ಬೇಯಿಸಿ, ಆದರೆ ಅದಕ್ಕೂ ಅಳತೆ ಇರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ಊಟ ಬದಲಿಸುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮತ್ತೆ, ಮನೆಯವರ ಬಟ್ಟೆಯ ಹೊಲಿಗೆಯನ್ನು ಗುಟ್ಟಾಗಿ ಬಿಚ್ಚುತ್ತಿರುವವರು ಯಾರಾದರೂ ಇದ್ದರೆ, ಇವತ್ತೇ ಅದನ್ನು ಬೆಳಕಿಗೆ ಹಿಡಿದು ತೋರಿಸಿ.